ಕಂಡಕ್ಟರ್ ಇಲ್ಲದೆ ನುಡಿಸಬಹುದಾ? ಅಯೋನಾ ಬ್ರೌನ್ ನಡೆದ ದಾರಿ ನೋಡಿ

ಮೇಡಂ, ನಿಮ್ಮ ಎರಡೂ ಪ್ರಶ್ನೆ ಓದಿದೆ. ಕಂಡಕ್ಟ್ ಮಾಡುತ್ತಿದ್ದ, ಅಂದರೆ ಎದುರಿಗೆ ನಿಂತು ಕೈಯಲ್ಲಿ ತಾಳ ತೋರಿಸಿ ನಡೆಸುತ್ತಿದ್ದ ಮೇಷ್ಟ್ರು ಊರು ಬಿಟ್ಟಿದ್ದಾರೆ, ಇನ್ನು ಒಂಬತ್ತು ಜನರ ನಿಮ್ಮ ಪಾಶ್ಚಾತ್ಯ ಸಂಗೀತದ ತಂತಿವಾದ್ಯ ತಂಡವನ್ನು ಮೊದಲ ಪಿಟೀಲಿನಲ್ಲಿ ಕೂರುವ ಮಗಳೇ ನಡೆಸಬಹುದಾ ಅನ್ನುವುದು ಒಂದು. ಅವಳು ಇದನ್ನೇ ಕಸುಬು ಮಾಡಿಕೊಂಡರೆ ಮುಂದೆ ದಾರಿ ಇದೆಯಾ ಅನ್ನುವುದು ಇನ್ನೊಂದು. ನಿಮಗೆ ಉತ್ತರ ಬರೆದ ಕೆಲವರು 'ಕಂಡಕ್ಟರ್ ಇಲ್ಲದೆ ಆಗಲ್ಲ' ಅಂದಿದ್ದಾರೆ. ಖಂಡಿತ ಆಗುತ್ತದೆ. ಆದರೆ ನಡೆಸುವವರು ತಂಡದ ಒಳಗೆ ಕೂತು ಕಲಿತಿರಬೇಕು.

ಲಂಡನ್ನಿನ 'ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್' ಅನ್ನುವ ಸಣ್ಣ ವಾದ್ಯತಂಡದ ಹೆಸರು ಕೇಳಿರುತ್ತೀರಿ. ಅದನ್ನು ಕಟ್ಟಿದ ನೆವಿಲ್ ಮ್ಯಾರಿನರ್ ಆಗ ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲುಗಳ, ಅಂದರೆ ಮುಖ್ಯ ಸಾಲಿಗೆ ಜೊತೆ ಕೊಡುವ ಪಿಟೀಲು ಸಾಲಿನ ಮುಖ್ಯಸ್ಥ. 1958ರಲ್ಲಿ ಹತ್ತು ಹನ್ನೆರಡು ಜನ ಗೆಳೆಯರು ಅವರ ಮನೆಯ ಹಜಾರದಲ್ಲಿ ಸೇರಿ ನುಡಿಸಲು ಶುರು ಮಾಡಿದರು. ಮರುವರ್ಷ ಟ್ರಾಫಲ್ಗರ್ ಚೌಕದ ಪಕ್ಕದ ಚರ್ಚಿನಲ್ಲಿ ಮೊದಲ ಕಛೇರಿ. ಎದುರಿಗೆ ಬ್ಯಾಟನ್ (ಕಂಡಕ್ಟರ್ ಕೈಯ ಕಡ್ಡಿ) ಹಿಡಿದವರು ಯಾರೂ ಇರಲಿಲ್ಲ. ಮ್ಯಾರಿನರ್ ಪಿಟೀಲು ನುಡಿಸುತ್ತಲೇ ನಡೆಸುತ್ತಿದ್ದರು.

ಆ ತಂಡಕ್ಕೆ 1964ರಲ್ಲಿ ಬಂದವರು ಅಯೋನಾ ಬ್ರೌನ್. ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ. ಮನೆಯವರೆಲ್ಲ ಸಂಗೀತದವರು. ಹೆನ್ರಿಕ್ ಶೆರಿಂಗ್ ಅವರಂಥ ದೊಡ್ಡ ಪಿಟೀಲು ವಾದಕರ ಹತ್ತಿರ ಪಾಠವಾಗಿತ್ತು, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದಲ್ಲಿ ಕೆಲಸವೂ ಇತ್ತು. ಇಷ್ಟಿದ್ದರೂ ಅಕಾಡೆಮಿಗೆ ಬಂದ ತಕ್ಷಣ ಮುಂದಿನ ಕುರ್ಚಿ ಸಿಗಲಿಲ್ಲ. ಸಾಲಿನಲ್ಲಿ ಒಬ್ಬರಾಗಿ ಕೂತು ನುಡಿಸಿದರು. ಲೀಡರ್ ಆಗಿ, ಅಂದರೆ ಮೊದಲ ಪಿಟೀಲಿನ ಮುಂದಿನ ಕುರ್ಚಿಯಿಂದ ತಂಡ ನಡೆಸುವ ಹೊಣೆ ಬಂದದ್ದು 1974ರಲ್ಲಿ. ನಡುವಿನ ಆ ಹತ್ತು ವರ್ಷವೇ ನನಗೆ ಮುಖ್ಯ ಅನ್ನಿಸುತ್ತದೆ. ಪಕ್ಕದವರ ಬೋ (ಪಿಟೀಲಿನ ಕಮಾನು) ಎಲ್ಲಿದೆ, ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ಎಲ್ಲಿ ಹಿಂದೆ ಬೀಳುತ್ತದೆ, ಚೆಲ್ಲೋ (ಕಾಲುಗಳ ನಡುವೆ ಇಟ್ಟು ನುಡಿಸುವ ತಗ್ಗು ದನಿಯದು) ಯಾವಾಗ ಮುಂದೆ ಎಳೆಯುತ್ತದೆ ಅನ್ನುವುದು ಎದುರಿಗೆ ನಿಂತವರಿಗಿಂತ ಒಳಗೆ ಕೂತವರಿಗೆ ಬೇಗ ತಿಳಿಯುತ್ತದೆ.

ಅದಕ್ಕೇ ನನ್ನ ಮೊದಲ ಸಲಹೆ: ಮಗಳನ್ನು ಒಂದೆರಡು ಕೃತಿಗಳಿಗೆ ಎರಡನೇ ಪಿಟೀಲಿನಲ್ಲಿ ಕೂರಿಸಿ. ಸಾಧ್ಯವಾದರೆ ವಯೋಲಾನೂ ಹಿಡಿಯಲಿ. ಇದು ಕೆಳಗಿಳಿಸಿದ ಹಾಗೆ ಅಂತ ಅವಳಿಗೆ ಅನ್ನಿಸಬಾರದು. ಮ್ಯಾರಿನರ್ ಬಂದದ್ದೇ ಎರಡನೇ ಪಿಟೀಲಿನ ಸಾಲಿನಿಂದ.

ಈಗ ಕೆಲಸದ ಮಾತು. ಕರ್ನಾಟಕ ಸಂಗೀತದ ಕಛೇರಿಯಲ್ಲೂ ಕಂಡಕ್ಟರ್ ಇರುವುದಿಲ್ಲ, ಅಲ್ವಾ? ಆದರೆ ಅಲ್ಲಿ ತಾಳ ಕೈಯಲ್ಲೇ ಕಾಣುತ್ತದೆ. ಇಲ್ಲಿ ಲೀಡರ್‌ನ ಎರಡೂ ಕೈ ಪಿಟೀಲಿನ ಮೇಲೆ ಇರುತ್ತವೆ. ಹಾಗಾಗಿ ತಾಳ ಕೊಡುವುದು ಉಸಿರು. ಶುರುವಿಗೆ ಮೊದಲು ಬೋ ತಂತಿಯ ಹತ್ತಿರ ಅಲುಗಾಡದೆ ಇರಬೇಕು. ಆಮೇಲೆ ಮೂಗಿನಿಂದ ಒಂದು ಉಸಿರು ಒಳಕ್ಕೆ, ಅದರ ಜೊತೆಗೇ ಪಿಟೀಲಿನ ತುದಿ ಸ್ವಲ್ಪ ಮೇಲಕ್ಕೆ. ಉಸಿರು ಸರಿಯಾಗಿ ಒಂದು ಬೀಟಿನಷ್ಟೇ ಉದ್ದ ಇರಬೇಕು. ಅದು ಮುಗಿದ ಕಡೆ ಮೊದಲ ಸ್ವರ. ವೇಗದ ಕೃತಿಗೆ ಚುಟುಕು ಉಸಿರು, ನಿಧಾನದ್ದಕ್ಕೆ ಉದ್ದನೆಯದು. ತುಂಬ ಜನ ಪಿಟೀಲನ್ನು ಜೋರಾಗಿ ಮೇಲಕ್ಕೆ ಎತ್ತುತ್ತಾರೆ. ಅದರಿಂದ ಬೀಟ್ ಎಲ್ಲಿ ಬೀಳುತ್ತದೆ ಅಂತ ಹಿಂದಿನವರಿಗೆ ಗೊತ್ತಾಗುವುದೇ ಇಲ್ಲ.

ಇದನ್ನು ಹೀಗೆ ಅಭ್ಯಾಸ ಮಾಡಿ. ಒಂದು ಕೃತಿಯ ಮೊದಲ ಎರಡು ಬಾರ್ (ಹಾಳೆಯಲ್ಲಿ ಅಡ್ಡಗೆರೆಗಳ ನಡುವಿನ ತಾಳದ ಭಾಗ) ಮಾತ್ರ ತೆಗೆದುಕೊಳ್ಳಿ. ಮಗಳು ವೇಗ ಬಾಯಲ್ಲಿ ಹೇಳಬಾರದು, ಉಸಿರಿನಲ್ಲೇ ಕೊಡಬೇಕು. ಪ್ರತಿ ಸಲವೂ ಬೇರೆ ವೇಗ. ಉಳಿದವರು ಹಾಳೆ ನೋಡದೆ ಅವಳನ್ನೇ ನೋಡಿ ಶುರು ಮಾಡಬೇಕು. ಆಮೇಲೆ ಅದೇ ಕೆಲಸವನ್ನು ಚೆಲ್ಲೋದವರು ಮಾಡಲಿ, ವಯೋಲಾದವರೂ ಮಾಡಲಿ. ಎಲ್ಲರಿಗೂ ಶುರು ಕೊಡಲು ಬಂದರೆ ಎಲ್ಲರಿಗೂ ಹಿಡಿಯಲು ಬರುತ್ತದೆ.

ಅರ್ಧಚಂದ್ರಾಕಾರದಲ್ಲಿ ಕೂತುಕೊಳ್ಳಿ, ಸ್ಟ್ಯಾಂಡ್ ತಗ್ಗಿಸಿ. ಚೆಲ್ಲೋ ಮತ್ತು ಲೀಡರ್ ನಡುವೆ ನೇರ ನೋಟ ಇರಲೇಬೇಕು, ಯಾಕೆಂದರೆ ತಾಳ ಗಟ್ಟಿಯಾಗಿ ನಿಲ್ಲುವುದು ತಳದ ಸ್ವರದ ಮೇಲೆ.

ಬೋಯಿಂಗ್ ಗುರುತುಗಳನ್ನು, ಅಂದರೆ ಬೋ ಯಾವ ಕಡೆಗೆ ಎಳೆಯಬೇಕು ಅನ್ನುವ ಗುರುತುಗಳನ್ನು ರಿಹರ್ಸಲ್ ದಿನ ಹಾಕಲು ಕೂತರೆ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ. ಮಗಳು ಪೆನ್ಸಿಲ್‌ನಲ್ಲಿ ಮೊದಲೇ ಹಾಕಿ, ಜೆರಾಕ್ಸ್ ಮಾಡಿಸಿ ಒಂದು ವಾರ ಮುಂಚೆ ಹಂಚಲಿ. ಸುಮ್ನೆ ಅಪ್, ಡೌನ್ ಅಂತ ಮಾತ್ರ ಅಲ್ಲ, ಬೋನ ಯಾವ ಭಾಗ ಅನ್ನುವುದನ್ನೂ ಬರೆಯಲಿ. ಮೆಲ್ಲಗೆ ನುಡಿಸುವ ಕಡೆ ಎಂಟು ಜನ ತುದಿಯಲ್ಲಿದ್ದು ಒಬ್ಬರು ಹಿಡಿಯ ಹತ್ತಿರ ಇದ್ದರೆ ಆ ಒಬ್ಬರ ಸದ್ದೇ ಎದ್ದು ಕೇಳಿಸುತ್ತದೆ. ಶ್ರುತಿ ಸರಿಯಿದ್ದರೂ ತಂಡದ ಸದ್ದು ಒಡೆದ ಹಾಗಿರಲು ಹೆಚ್ಚಿನ ಸಲ ಇದೇ ಕಾರಣ.

ಕೃತಿ ಯಾವುದು ಅಂದರೆ, ಇಟಲಿಯ ಸಂಗೀತಕಾರ ಕೊರೆಲ್ಲಿಯ ಒಪಸ್ 6 (ಆರನೇ ಕೃತಿಗುಚ್ಛ) ತೆಗೆದುಕೊಳ್ಳಿ. 1714ರಲ್ಲಿ ಅಚ್ಚಾದ 12 ಕಾನ್ಚೆರ್ಟೋಗಳು. ಎರಡು ಪಿಟೀಲು, ಒಂದು ಚೆಲ್ಲೋ ಮುಂದೆ ನುಡಿಸುತ್ತವೆ, ಉಳಿದವರು ಸೇರಿಕೊಳ್ಳುತ್ತಾರೆ, ಮತ್ತೆ ಬಿಡುತ್ತಾರೆ. ನಿಮ್ಮಲ್ಲಿ ಚೆಲ್ಲೋ ಒಂದೇ ಇದ್ದರೆ ಅದೇ ಎರಡೂ ಕಡೆ ನುಡಿಸಲಿ, ಕೀಬೋರ್ಡ್‌ನವರು ಒಬ್ಬರು ಸಿಕ್ಕರೆ ತಳ ತುಂಬುತ್ತದೆ. ಆಮೇಲೆ ಮೊಜಾರ್ಟ್‌ನ ಕೆ. 136 (ಅವರ ಕೃತಿಪಟ್ಟಿಯ ಸಂಖ್ಯೆ). ಚೈಕೋವ್‌ಸ್ಕಿಯ ಸೆರೆನೇಡ್ ಈಗಲೇ ಬೇಡ. ಅದಕ್ಕೆ ಜನವೂ ಜಾಸ್ತಿ ಬೇಕು, ವೇಗ ಬದಲಾಗುವ ಕಡೆಗಳಲ್ಲಿ ಹೊಸ ತಂಡ ಚದುರಿಹೋಗುತ್ತದೆ.

ಕಿವಿಗೆ ಒಂದು ಪಾಠ ಬೇಕಿದ್ದರೆ ವಾನ್ ವಿಲಿಯಮ್ಸ್ ಅವರ 'ದ ಲಾರ್ಕ್ ಅಸೆಂಡಿಂಗ್' ಕೇಳಿಸಿ. ಅಯೋನಾ ನುಡಿಸಿ, ಮ್ಯಾರಿನರ್ ಕಂಡಕ್ಟ್ ಮಾಡಿದ ರೆಕಾರ್ಡಿಂಗೇ ಇದೆ. ಶುರುವಿನಲ್ಲಿ ತಂಡ ಒಂದು ಸ್ವರಗುಚ್ಛ ಹಿಡಿದು ನಿಲ್ಲುತ್ತದೆ. ಅದರ ಮೇಲೆ ಪಿಟೀಲು ಅಳತೆಯ ಹಂಗಿಲ್ಲದೆ ಮೇಲೇರುತ್ತದೆ. ತಂಡ ಎಷ್ಟು ತಾಳ್ಮೆಯಿಂದ ಕಾಯುತ್ತದೆ ಅನ್ನುವುದನ್ನು ಮಗಳು ಗಮನಿಸಲಿ. ನನಗೆ ಅದು ಎಷ್ಟು ಸಲ ಕೇಳಿದರೂ ಸಾಲದು.

ಕಸುಬಿನ ಪ್ರಶ್ನೆಗೆ ಬರುತ್ತೇನೆ. ಇಂಥ ಜೀವನ ಒಂದೇ ನೌಕರಿಯ ಮೇಲೆ ನಿಂತಿರುವುದಿಲ್ಲ. ಅಯೋನಾ ಅವರನ್ನೇ ನೋಡಿ. ಲಂಡನ್ನಿನ ತಂಡದ ಜೊತೆಗೇ 1981ರಿಂದ 2001ರವರೆಗೆ ನಾರ್ವೇಜಿಯನ್ ಚೇಂಬರ್ ಆರ್ಕೆಸ್ಟ್ರಾದ ಕಲಾ ನಿರ್ದೇಶಕಿ. ಅದರ ನಡುವೆಯೇ 1987ರಿಂದ 1992ರವರೆಗೆ ಲಾಸ್ ಏಂಜಲೀಸ್ ಚೇಂಬರ್ ಆರ್ಕೆಸ್ಟ್ರಾ. ಜೊತೆಗೆ ಸೋಲೋ ಕಛೇರಿ, ರೆಕಾರ್ಡಿಂಗ್. ಬರೀ ಸೋಲೋ ಕನಸು ಕಂಡು ಕೂತವರಿಗಿಂತ, ಕ್ವಾರ್ಟೆಟ್‌ನಲ್ಲೂ ಆರ್ಕೆಸ್ಟ್ರಾದಲ್ಲೂ ನುಡಿಸಬಲ್ಲವರಿಗೆ ಕೆಲಸ ಬೇಗ ಸಿಗುತ್ತದೆ. ಆದರೆ ಆಡಿಷನ್ ಅನ್ನುವುದು ಕಠಿಣ, ಅದನ್ನು ಮಗಳಿಗೆ ಮುಚ್ಚಿಡಬೇಡಿ.

ಇನ್ನೊಂದು ಮಾತನ್ನು ತಾಯಿಯಾಗಿ ನೀವೇ ನೋಡಿಕೊಳ್ಳಬೇಕು. ಸಂಧಿವಾತದಿಂದ ಅಯೋನಾ 1998ರಲ್ಲಿ ಪಿಟೀಲು ನುಡಿಸುವುದನ್ನೇ ನಿಲ್ಲಿಸಬೇಕಾಯಿತು. ಆದರೂ ಸಂಗೀತ ನಿಲ್ಲಲಿಲ್ಲ. ಬ್ಯಾಟನ್ ಹಿಡಿದು ಕಂಡಕ್ಟರ್ ಆಗಿ ಕೆಲಸ ಮುಂದುವರಿಸಿದರು, 2004ರಲ್ಲಿ 63ನೇ ವಯಸ್ಸಿಗೆ ತೀರಿಕೊಂಡರು. ಇಡೀ ಸ್ಕೋರ್ (ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಹಾಳೆ) ಓದುವ ಅಭ್ಯಾಸ ವರ್ಷಗಳಿಂದ ಇಲ್ಲದಿದ್ದರೆ ಹಾಗೆ ದಾರಿ ಬದಲಿಸಲು ಆಗುತ್ತಿರಲಿಲ್ಲ. ಮಗಳಿಗೂ ಈಗಿನಿಂದಲೇ ತನ್ನ ಸಾಲಿನ ಜೊತೆ ನಾಲ್ಕೂ ಸಾಲು ಓದುವುದನ್ನು ರೂಢಿ ಮಾಡಿಸಿ. ಮಣಿಕಟ್ಟಿನಲ್ಲೋ ಬೆರಳಿನಲ್ಲೋ ನೋವು ಅಂದರೆ ಅಭ್ಯಾಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನೋವು ನುಂಗಿಕೊಂಡು ನುಡಿಸು ಅಂತ ಯಾರು ಹೇಳಿದರೂ ಕೇಳಬೇಡಿ.

ಕೊರೆಲ್ಲಿಯಲ್ಲಿ ಎಂಟನೆಯದರಿಂದ ಶುರು ಮಾಡಿ. ನನ್ನ ಹತ್ತಿರ ಬೋಯಿಂಗ್ ಗುರುತು ಹಾಕಿದ ಚೆಲ್ಲೋ ಮತ್ತು ವಯೋಲಾ ಹಾಳೆಗಳಿವೆ, ಬೇಕಿದ್ದರೆ ಹೇಳಿ, ಸ್ಕ್ಯಾನ್ ಮಾಡಿ ಇಲ್ಲೇ ಹಾಕುತ್ತೇನೆ.