ಬ್ರೌಸರ್‌ನ ಮುಖಪುಟ ತಾನಾಗಿಯೇ ಬದಲಾಗುವುದನ್ನು ನಿಲ್ಲಿಸುವುದು ಹೇಗೆ?
ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದಾಗಲೆಲ್ಲ ಅಪರಿಚಿತ ಹುಡುಕಾಟದ ಪುಟ ಬರುತ್ತದೆ, ಸೆಟ್ಟಿಂಗ್ಸ್ ಸರಿಪಡಿಸಿದರೂ ಮರುದಿನ ಅದೇ ಮರಳುತ್ತದೆ ಎಂದು ಕೇಳಿದ್ದೀರಿ. ಹೀಗೆ ಮರಳುತ್ತಿದ್ದರೆ ಅದನ್ನು ತಂದು ಕೂರಿಸುವ ಮೂಲವು ಬಹುತೇಕ ಬ್ರೌಸರ್‌ನ ಹೊರಗೇ ಉಳಿದಿರುತ್ತದೆ. ಆದ್ದರಿಂದ ಕ್ರೋಮ್ ಅನ್ನು ತೆಗೆದು ಪುನಃ ಹಾಕಿದರೆ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ.

ಮೊದಲು ವಿಂಡೋಸ್‌ನ ಆ್ಯಪ್‌ಗಳ ಪಟ್ಟಿಯನ್ನು ಇನ್‌ಸ್ಟಾಲ್ ಮಾಡಿದ ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಆರಂಭವಾದ ಸುಮಾರಿಗೆ ಬಂದ, ನೀವು ಹಾಕಿಕೊಂಡ ನೆನಪಿಲ್ಲದ ತಂತ್ರಾಂಶಗಳನ್ನು ತೆಗೆದುಹಾಕಿ (ಉಚಿತ ಪಿಡಿಎಫ್ ಪರಿವರ್ತಕಗಳ ಬೆನ್ನಿಗೆ ಇಂಥವು ನುಸುಳುವುದುಂಟು). ಡೆಸ್ಕ್‌ಟಾಪ್‌ನ ಕ್ರೋಮ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ, ಟಾರ್ಗೆಟ್ ಸಾಲಿನ ಕೊನೆಗೆ ಯಾವುದಾದರೂ ಜಾಲತಾಣದ ವಿಳಾಸ ಅಂಟಿಕೊಂಡಿದ್ದರೆ ಅದನ್ನೂ ಅಳಿಸಿ.

ಮನೆಯ ಕಂಪ್ಯೂಟರ್ ಆಗಿದ್ದರೂ ಕ್ರೋಮ್ ಮೆನುವಿನಲ್ಲಿ ಬ್ರೌಸರ್ ಅನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡು, ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಒಂದನ್ನು ತೆಗೆಯಲು ಅವಕಾಶವೇ ಇಲ್ಲದಿದ್ದರೆ, ಮುಖಪುಟ ಬದಲಿಸುತ್ತಿರುವ ಕುತಂತ್ರಾಂಶವು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್ಸ್ ಸಂಗ್ರಹ) ಪಾಲಿಸಿ, ಅಂದರೆ ಬ್ರೌಸರ್ ಪಾಲಿಸಲೇಬೇಕಾದ ನಿಯಮ, ಬರೆದಿರುವ ಸಾಧ್ಯತೆ ಹೆಚ್ಚು. ಕೆಲವು ಆ್ಯಂಟಿವೈರಸ್‌ಗಳಿಂದಲೂ ಆ ಸಾಲು ಬರುವುದರಿಂದ, ರಿಜಿಸ್ಟ್ರಿಯನ್ನು ಕೈಯಾರೆ ತಿದ್ದುವುದಕ್ಕಿಂತ ಮಾಲ್‌ವೇರ್‌ಬೈಟ್ಸ್ ಕಂಪನಿಯ, ಇಂಥ ಕುತಂತ್ರಾಂಶಗಳನ್ನು ತೆಗೆಯುವ ಉಚಿತ ಸಾಧನ ಆ್ಯಡ್‌ಡಬ್ಲ್ಯುಕ್ಲೀನರ್ ಅನ್ನು ಅವರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಓಡಿಸುವುದು ಸುರಕ್ಷಿತ. ಕ್ರೋಮ್‌ನೊಳಗೇ ಇದ್ದ ಸ್ವಚ್ಛತಾ ಸಾಧನವನ್ನು ಗೂಗಲ್ 2023ರಲ್ಲಿ ಕೈಬಿಟ್ಟಿರುವುದರಿಂದ ಹಳೆಯ ಸಲಹೆಗಳನ್ನು ನಂಬಿ ಅದನ್ನು ಹುಡುಕಬೇಡಿ. ಇಷ್ಟಾದ ಮೇಲೆ ಕ್ರೋಮ್ ಸೆಟ್ಟಿಂಗ್ಸ್ ಅನ್ನು ರೀಸೆಟ್ ಮಾಡಿ. ಅದೇ ಖಾತೆಯಿಂದ ಸಿಂಕ್ ಆಗುವ ಬೇರೆ ಕಂಪ್ಯೂಟರ್‌ಗಳಿದ್ದರೆ ಅಲ್ಲಿಯೂ ಆ ಎಕ್ಸ್‌ಟೆನ್ಶನ್ ತೆಗೆಯಿರಿ.