ಮಗಳ ಜೊತೆ ತುಂಗಭದ್ರೆಯ ದಂಡೆಯಲ್ಲಿ ಸೈಕಲ್ ಹೊಡೆಯಬೇಕು, ಯಾವ ದಾರಿ ಸುಲಭ?

ಕೊಪ್ಪಳದಿಂದ ಭಾನುವಾರ ಸೈಕಲ್ ಸಮೇತ ಗಾಡಿಯಲ್ಲಿ ಬರುತ್ತೀರಿ, ಹನ್ನೊಂದು ವರ್ಷದ ಮಗಳಿದ್ದಾಳೆ, ಹೊಳೆ ಪಕ್ಕದಲ್ಲೇ ದಾರಿ ಬೇಕು, ಏರು ಇರಬಾರದು ಅಂತ ಕೇಳಿದ್ದೀರಿ. ಹಂಪಿಯ ಎದುರು ದಂಡೆಯ ಆನೆಗೊಂದಿಯಿಂದ ಸಾಣಾಪುರದ ಕಡೆ ಹೋಗುವ ಡಾಂಬರು ರಸ್ತೆ ಹಿಡಿಯಿರಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಹೋಗಿ ಬರಲು ಸುಮಾರು 16 ಕಿ.ಮೀ. ಮಗಳು ದಣಿದರೆ ಹನುಮನಹಳ್ಳಿಯಲ್ಲೇ ತಿರುಗಿಕೊಳ್ಳಿ, ಹತ್ತು ಕಿ.ಮೀ. ಒಳಗೆ ಮುಗಿಯುತ್ತದೆ. ಎಲ್ಲಿ ಬೇಕಾದರೂ ತಿರುಗಬಹುದು ಅನ್ನುವುದೇ ಈ ದಾರಿಯ ದೊಡ್ಡ ಅನುಕೂಲ. ಸುತ್ತು ಹಾಕುವ ದಾರಿ ಹಿಡಿದರೆ ಅರ್ಧ ದಾಟಿದ ಮೇಲೆ ಮಕ್ಕಳನ್ನು ವಾಪಸ್ ಕರೆತರುವುದು ಕಷ್ಟ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ದಂಡೆಯುದ್ದಕ್ಕೂ ಸೈಕಲ್ ದಾರಿ ಅಂತ ಇಲ್ಲ. ರಸ್ತೆಗೂ ಹೊಳೆಗೂ ನಡುವೆ ಭತ್ತದ ಗದ್ದೆ, ಬಾಳೆ ತೋಟ, ಬಂಡೆಗಳಿವೆ. ನೀರು ಹತ್ತಿರದಿಂದ ಕಾಣುವುದು ಕೆಲವೇ ಕಡೆ. ಆನೆಗೊಂದಿಯ ಚಿಂತಾಮಣಿ ದೇವಸ್ಥಾನದ ಹತ್ತಿರ ಚೆನ್ನಾಗಿ ಕಾಣುತ್ತದೆ, ಅಲ್ಲಿಂದಲೇ ಶುರು ಮಾಡಿ. ದಂಡೆಯ ಕಾಲುದಾರಿಗೆ ಸೈಕಲ್ ಇಳಿಸಬೇಡಿ: ಮರಳಿನಲ್ಲಿ ಗಾಲಿ ಹೂತುಕೊಳ್ಳುತ್ತದೆ, ಹೊಳೆಯಲ್ಲಿ ಮೊಸಳೆಗಳೂ ಇವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ ಬೇರೆ. ಎಡದಂಡೆ ಕಾಲುವೆಯ ಏರಿ ಸಮತಟ್ಟಾಗಿ ಕಾಣುತ್ತದೆ, ಅದಕ್ಕೂ ಮರುಳಾಗಬೇಡಿ. ಜಲ್ಲಿ ಮೇಲೆ ಗಾಲಿ ಜಾರಿದರೆ ತಡೆಯಲು ಏನೂ ಇರುವುದಿಲ್ಲ. ನೀರಿಗೆ ಬಿದ್ದರೆ ಕಾಲುವೆಯ ಇಳಿಜಾರು ಗೋಡೆ ಹಿಡಿದು ಮೇಲೆ ಬರಲು ಈಜು ಬಲ್ಲವರಿಗೂ ಆಗುವುದಿಲ್ಲ.

ಹೊರಡುವುದು ಬೆಳಗ್ಗೆ ಆರೂವರೆ ನಂತರ, ಪೂರ್ತಿ ಬೆಳಕಾದ ಮೇಲೆ. ಅದಕ್ಕೂ ಮೊದಲು ಬೇಡ, ಸಂಜೆ ಕತ್ತಲಾದ ಮೇಲೂ ಬೇಡ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಹೋಗುವಾಗ ಪಶ್ಚಿಮಕ್ಕೆ ಮುಖ, ಬಿಸಿಲು ಬೆನ್ನಿಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಹೋಗುವಾಗ ಅದು ಎದುರಾಗುತ್ತದೆ, ದಣಿದು ಬರುವಾಗ ಬೆನ್ನಿಗೆ ನಿಲ್ಲುತ್ತದೆ, ಹಾಗಾಗಿ ದಿಕ್ಕು ಅದಲುಬದಲು ಮಾಡಬೇಡಿ. ಒಂಬತ್ತೂವರೆ ಹೊತ್ತಿಗೆ ಸವಾರಿ ಮುಗಿದಿರಬೇಕು. ಏಪ್ರಿಲ್–ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆ ಎರಡು ತಿಂಗಳು ಮಕ್ಕಳನ್ನು ಕರೆತರಲೇಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆದರೆ ಡಿಸೆಂಬರ್‌ನಲ್ಲಿ ಭಕ್ತರು ಹನುಮಮಾಲೆ ವಿಸರ್ಜನೆಗೆ ಬರುವ ದಿನಗಳಲ್ಲಿ, ಈ ದಾರಿಯಲ್ಲೇ ಇರುವ ಅಂಜನಾದ್ರಿ ಬೆಟ್ಟದ ಹತ್ತಿರ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶನಿವಾರಗಳಂದೂ ಜನ ಜಾಸ್ತಿ.

ನವೆಂಬರ್–ಡಿಸೆಂಬರ್ ಅಂದರೆ ಭತ್ತದ ಕೊಯ್ಲು. ಅರ್ಧ ರಸ್ತೆಯ ಮೇಲೆ ಭತ್ತ ಒಣಗಲು ಹರಡಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗಾಲಿ ಗೋಲಿಗಳ ಮೇಲೆ ನಿಂತ ಹಾಗೆ ಜಾರುತ್ತದೆ. ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು ದಾಟಿ. ಆದಷ್ಟೂ ಕಾಳಿನ ಮೇಲೆ ಹೋಗಬೇಡಿ, ಅದು ಒಬ್ಬರ ವರ್ಷದ ದುಡಿಮೆ. ಹಿಂದಿನ ಗಾಲಿಯ ಹಲ್ಲಿಗೆ ಹುಲ್ಲು ಸುತ್ತಿಕೊಂಡರೆ ತುಳಿಯುತ್ತಾ ಹೋಗಬೇಡಿ. ಇಳಿದು, ಪೆಡಲ್ ಹಿಂದಕ್ಕೆ ತಿರುಗಿಸಿ ಬಿಡಿಸಿ.

ಇನ್ನು ಪಂಕ್ಚರ್. ಈ ಭಾಗದಲ್ಲಿ ಸವಾರಿ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ ಕಡಿದು ಹಾಕಿರುತ್ತಾರೆ, ಒಣಜಾಗದಲ್ಲಿ ನೆಗ್ಗಿಲು ಮುಳ್ಳು ಬಿದ್ದಿರುತ್ತದೆ. ವಿಶ್ರಾಂತಿಗೆ ನಿಂತಾಗ ಸೈಕಲ್ಲನ್ನು ಡಾಂಬರಿನಿಂದ ಕೆಳಗೆ ತಳ್ಳಿಕೊಂಡು ಹೋಗದೆ ಎತ್ತಿ ಇಡಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಜಾಲಿ ಮುಳ್ಳಿನ ತುದಿ ಒಳಗೇ ಮುರಿದು ನಿಂತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷದಲ್ಲಿ ಅದೂ ಹೋಗುತ್ತದೆ. ಎರಡೂ ಸೈಕಲ್ಲಿನ ಅಳತೆಗೆ ಒಂದೊಂದು ಟ್ಯೂಬ್, ಎರಡು ಟೈರ್ ಲಿವರ್, ವಾಲ್ವಿಗೆ ಹೊಂದುವ ಪಂಪ್ ಇರಲಿ. ಗೇರ್ ಸೈಕಲ್ಲಿಗೆ ಸಾಮಾನ್ಯವಾಗಿ ಬೈಕಿನಂಥದೇ ವಾಲ್ವ್ ಇರುವುದರಿಂದ ಬೈಕ್ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಹಳೇ ಸೈಕಲ್ಲಿನ ವಾಲ್ವ್ ಬೇರೆ, ಅದಕ್ಕೆ ರಬ್ಬರ್ ವಾಲ್ ಟ್ಯೂಬಿನ ಒಂದು ತುಂಡು ಜೇಬಿನಲ್ಲಿರಲಿ. ಎರಡು ಇಂಚಿನ ಅಗಲ ಟೈರಿಗೆ 40ರಿಂದ 45 ಪಿಎಸ್‌ಐ ಗಾಳಿ ಸಾಕು, ಮಗಳ ತೂಕಕ್ಕೆ 35 ಸಾಕಾಗುತ್ತದೆ.

ಮಗಳ ಸೀಟು ನೋಡಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಐದನೇ ಕಿ.ಮೀ.ಗೇ ಮಂಡಿ ನೋವು ಅನ್ನುತ್ತಾಳೆ. ನೀರು ನಿಮಗೆ ಎರಡು ಲೀಟರ್, ಅವಳಿಗೆ ಒಂದೂವರೆ. ಇಬ್ಬರಿಗೂ ಹೆಲ್ಮೆಟ್.

ದಾರಿಯಲ್ಲಿ ಪಂಪಾಸರೋವರಕ್ಕೆ ತಿರುಗಬಹುದು, ಸಣ್ಣ ಏರು, ತಳ್ಳಿಕೊಂಡು ಹೋದರೂ ಆದೀತು. ಅಂಜನಾದ್ರಿಯ 575 ಮೆಟ್ಟಿಲು ಅದೇ ದಿನ ಬೇಡ, ಹತ್ತಿಳಿದ ಕಾಲು ಪೆಡಲ್ ಮಾತು ಕೇಳುವುದಿಲ್ಲ. ಸಾಣಾಪುರ ಊರು ದಾಟಿ ಕೆರೆಯ ಕಡೆ ರಸ್ತೆ ಏರುತ್ತದೆ, ಯಾಕೆಂದರೆ ಕೆರೆ ತುಂಬುವ ಕಾಲುವೆ ಗುಡ್ಡದ ಮಗ್ಗುಲಲ್ಲಿ ಎತ್ತರದಲ್ಲಿ ಹರಿಯುತ್ತದೆ. ಊರಲ್ಲೇ ತಿರುಗಿಕೊಂಡರೂ ನಷ್ಟವಿಲ್ಲ. ಕೆರೆಗೆ ಹೋದರೆ ದಡದಿಂದಲೇ ನೋಡಿ, ನೀರಿಗೆ ಇಳಿಯಬೇಡಿ. ಸೆಳೆತದಲ್ಲಿ ಜೀವ ಕಳೆದುಕೊಂಡವರಿದ್ದಾರೆ.

ಆನೆಗೊಂದಿ–ತಳವಾರಘಟ್ಟ ದೋಣಿ ಹತ್ತಿ ಹಂಪಿ ಕಡೆ ದಾಟುವ ಆಸೆ ಇದ್ದರೆ, ಅದನ್ನೇ ನಂಬಿ ಪ್ಲಾನ್ ಮಾಡಬೇಡಿ. ತುಂಗಭದ್ರಾ ಡ್ಯಾಂನಿಂದ ಹೊಳೆಗೆ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ. ಆಗ ಉಳಿಯುವುದು ಕಡೆಬಾಗಿಲು–ಬುಕ್ಕಸಾಗರ ಸೇತುವೆ, ಅದು ಮಗಳಿಗೆ ದೂರವಾಗುತ್ತದೆ. ಮಳೆಗಾಲದಲ್ಲಿ ಬರುವುದಾದರೆ ಹಿಂದಿನ ದಿನ ಡ್ಯಾಂನ ಹೊರಹರಿವು ಎಷ್ಟಿದೆ ಅಂತ ಪತ್ರಿಕೆಯಲ್ಲಿ ನೋಡಿಕೊಂಡು ಹೊರಡಿ.