ಯಾರ ಮನೆಗೆ ಬಂದಿರಿ?

ಬೇತಮಂಗಲದ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಟೀಚರ್ ಆಗಿ ರಿಟೈರ್ ಆದವರು ಅಂತ ಬರೆದುಕೊಂಡಿದ್ದೀರಿ. ಬರೆಯದಿದ್ದರೂ ಗೊತ್ತಾಗುತ್ತಿತ್ತು. ನನ್ನ ಲೇಖನದ ಪುಟವನ್ನೇ ಕತ್ತರಿಸಿ, ಕೆಂಪು ಇಂಕಿನಲ್ಲಿ ಗೆರೆ ಎಳೆದು, ಮಡಚಿ ಜೊತೆಗಿಟ್ಟಿದ್ದೀರಿ. ಮಾರ್ಕ್ಸ್ ಒಂದು ಹಾಕಿಲ್ಲ, ಅಷ್ಟೇ.

ಮಿಕ್ಕ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ರಾಜಸ್ಥಾನದ ಬೂಂದಿ ಎಂಬ ಊರಿನಲ್ಲಿ ಒಂದು ದಿನ ಒಬ್ಬನೇ ಓಡಾಡಿದ್ದನ್ನು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಮೇಡಂ ಕೇಳಿದ್ದಾರೆ: ‘ಅಷ್ಟು ದೂರ ಹೋಗಿ ಸುಮ್ನೆ ಬೀದಿ ಸುತ್ತಿ ಬಂದಿದ್ದೀರಿ. ಕೋಲಾರದಲ್ಲಿ ಬೀದಿ ಇಲ್ವಾ? ಅಂತರಗಂಗೆ ಬೆಟ್ಟ ಹತ್ತಿದ್ದರೆ ಬಸವನ ಬಾಯಿಂದ ಬರುವ ನೀರನ್ನಾದರೂ ಕುಡಿದು ಬರಬಹುದಿತ್ತು.’ ಆಮೇಲೆ, ‘ಫೋಟೊದಲ್ಲಿ ಇರೋದು ಕಲ್ಯಾಣಿ. ಬಾವಿ ಅಂತ ಯಾಕೆ ಹಾಕಿದ್ದೀರಿ?’ ಕೊನೆಗೆ, ಪತ್ರದ ಅಂಚಿನಲ್ಲಿ, ಪುಟ್ಟ ಅಕ್ಷರದಲ್ಲಿ: ‘ನನಗೆ 62. ನಾನೂ ಹೀಗೆ ಒಬ್ಬಳೇ ಹೋಗಬಹುದಾ?’

ಅಂಚಿನಲ್ಲಿ ಬರೆದದ್ದನ್ನು ಕೇಳೋಕೇ ನೀವು ಪತ್ರ ಬರೆದಿರಿ ಅಂತ ನನ್ನ ಅನುಮಾನ. ಅದಕ್ಕೆ ಬರುತ್ತೇನೆ. ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ.

ಫೋಟೊ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ನಾನು ಬರೆದದ್ದು ರಾಣೀಜಿ ಕೀ ಬಾವಡಿ ಎಂಬ ಮೆಟ್ಟಿಲು ಬಾವಿಯ ಬಗ್ಗೆ. ಅಚ್ಚಾದದ್ದು ನಾಗರ್ ಸಾಗರ್ ಕುಂಡದ ಫೋಟೊ. ಎರಡೂ ಒಂದೇ ದಿನ, ಒಂದೇ ಫೋನಿನಲ್ಲಿ ತೆಗೆದವು. ಪುಟ ಕಟ್ಟಿದ ರಾತ್ರಿ ಫೋಟೊ ಆರಿಸಿದವನು ನಾನೇ, ಕೆಳಗೆ ಸಾಲು ಬರೆದವನೂ ನಾನೇ. ಬೇರೆ ಯಾರನ್ನೂ ಬೈಯೋ ಹಾಗಿಲ್ಲ. ಊರಿನ ಚೌಗಾನ್ ದರ್ವಾಜದ ಹೊರಗೆ ಇಂಥ ಅವಳಿ ಕುಂಡಗಳಿವೆ. ಸುತ್ತ ಮೆಟ್ಟಿಲು, ನಡುವೆ ನೀರು. ನಂದಿಯ ಭೋಗನಂದೀಶ್ವರ ದೇವಸ್ಥಾನ ನೋಡಿದವರು ಯಾರೇ ಆದರೂ ಇದನ್ನು ಕಲ್ಯಾಣಿ ಅಂತಲೇ ಕರೆಯುತ್ತಾರೆ.

ಬಾವಡಿ ಬೇರೆ. ಅಲ್ಲಿ ಮೆಟ್ಟಿಲು ಒಂದೇ ಕಡೆಯಿಂದ ಉದ್ದಕ್ಕೆ ಇಳಿಯುತ್ತದೆ. ಮೇಲೆ ನಿಂತು ನೋಡಿದರೆ ನೀರು ಕಾಣೋದೇ ಇಲ್ಲ. ಇಳಿಯುತ್ತಾ ಹೋದ ಹಾಗೆ ಎರಡೂ ಕಡೆ ಗೋಡೆ ಬೆಳೆಯುತ್ತದೆ. ಬಿಸಿಲು ಹಿಂದೆ ಉಳಿಯುತ್ತದೆ. ತಲೆಯ ಮೇಲೆ ಆಕಾಶ ಒಂದು ಪಟ್ಟಿಯಷ್ಟಾಗುತ್ತದೆ. ಇದನ್ನು 1699ರಲ್ಲಿ ಕಟ್ಟಿಸಿದ್ದು ರಾಜ ಅನಿರುದ್ಧ ಸಿಂಗ್‌ನ ಹೆಂಡತಿ, ರಾಣಿ ನಾಥಾವತಿ. ಆಳ 46 ಮೀಟರ್ ಅನ್ನುತ್ತಾರೆ. ನಡುವೆ ಎತ್ತರದ ತೋರಣ, ಕಂಬದ ತುದಿಯಲ್ಲಿ ಕಲ್ಲಿನ ಆನೆಗಳು. ನಾನು ಅರ್ಧ ಇಳಿದು ನಿಂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗೋಡೆಯಲ್ಲಿ ವರಾಹ ಕಂಡ, ಪಕ್ಕದಲ್ಲೆಲ್ಲೋ ನರಸಿಂಹ ಕಂಡ. ಬೆಳಗಿನಿಂದ ಹಿಂದಿ ಬೋರ್ಡುಗಳನ್ನು ಅಕ್ಷರ ಕೂಡಿಸಿ ಓದುತ್ತಿದ್ದವನಿಗೆ ಸಿಕ್ಕ ಮೊದಲ ಪರಿಚಯದ ಮುಖಗಳು.

46 ಮೀಟರ್ ಅಂದರೆ ನೂರೈವತ್ತು ಅಡಿ. ನಮ್ಮ ಜಿಲ್ಲೆಯ ರೈತರು ಕೇಳಿದರೆ ನಗುತ್ತಾರೆ. ಇಲ್ಲಿ ಬೋರ್‌ವೆಲ್ ಸಾವಿರದೈನೂರು ಅಡಿ ಇಳಿದರೂ ಬರೀ ಧೂಳು ಬರೋದುಂಟು. ಚಿನ್ನಕ್ಕಾಗಿ ಕೆಜಿಎಫ್ ಗಣಿಯ ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರ್‌ಗೂ ಜಾಸ್ತಿ ತೋಡಿದರು. ಅಷ್ಟು ಆಳ ತೋಡಿದ ಊರಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ಮಾತ್ರ ನಿಮ್ಮ ಬೇತಮಂಗಲದ ಕೆರೆಯಿಂದ ಅಲ್ವಾ? ಬಾವಡಿಯ ಮೆಟ್ಟಿಲ ಮೇಲೆ ಕೂತು ಇದನ್ನೇ ಯೋಚಿಸುತ್ತಿದ್ದೆ. ಬೋರ್‌ವೆಲ್ ನೀರಿನ ಪಕ್ಕ ಯಾರು ಹೋಗಿ ಕೂರೋಕಾಗುತ್ತೆ ಹೇಳಿ.

ಈಗ ಬೀದಿಯ ವಿಷಯ.

ನಾನು ಬೂಂದಿ ನೋಡಬೇಕು ಅಂತ ಹೊರಟವನಲ್ಲ. ಅಕ್ಕನ ಮಗ ಕೋಟಾದಲ್ಲಿ ಕೋಚಿಂಗ್‌ಗೆ ಸೇರಿದ್ದಾನೆ, ಡಾಕ್ಟರ್ ಆಗಬೇಕಂತೆ. ಅಕ್ಕ ಕೊಟ್ಟ ಚಕ್ಕುಲಿ, ನಿಪ್ಪಟ್ಟು, ಎರಡು ಕೆ.ಜಿ. ರಾಗಿ ಹಿಟ್ಟು ಹೊತ್ತುಕೊಂಡು ಅವನನ್ನು ನೋಡಲು ಹೋದೆ. ಹುಡುಗ ಹಾಸ್ಟೆಲ್ ಗೇಟಿನಲ್ಲೇ ಚಕ್ಕುಲಿ ತಗೊಂಡ. ಹಿಟ್ಟಿನ ಪೊಟ್ಟಣ ನೋಡಿ, ‘ಮಾವ, ಇಲ್ಲಿ ಮುದ್ದೆ ಯಾರು ಕಟ್ಟಿಕೊಡ್ತಾರೆ?’ ಅಂತ ವಾಪಸ್ ನನ್ನ ಚೀಲಕ್ಕೇ ಹಾಕಿದ. ನಾಳೆ ಟೆಸ್ಟ್ ಇದೆ, ನಾಡಿದ್ದು ಸಿಗ್ತೀನಿ ಅಂದ. ಒಂದು ದಿನ ಕೈಯಲ್ಲಿ ಉಳಿಯಿತು. ಬೂಂದಿ ಅಲ್ಲಿಂದ 40 ಕಿಲೋಮೀಟರ್ ಒಳಗೆ. ಬಸ್ ಹತ್ತಿದೆ, ಹಿಟ್ಟಿನ ಚೀಲದ ಸಮೇತ.

ಕೋಲಾರದಲ್ಲಿ ಬೀದಿ ಇಲ್ವಾ ಅಂದಿರಿ. ಇದೆ ಮೇಡಂ, ನಡೆಯೋಕೆ ಬಿಡಲ್ಲ. ಕ್ಲಾಕ್ ಟವರ್‌ನಿಂದ ಡೂಂ ಲೈಟ್ ಸರ್ಕಲ್ ತಲುಪುವಷ್ಟರಲ್ಲಿ ನಾಲ್ಕು ಜನ ‘ಏನ್ ಸಾರ್, ಈ ಕಡೆ?’ ಅಂತಾರೆ. ‘ಸುಮ್ನೆ’ ಅಂದರೆ ನಂಬಲ್ಲ. ಮನೆಯಲ್ಲಿ ಏನೋ ಆಗಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ನಡೆಯಬೇಕು ಅನ್ನಿಸಿದಾಗಲೆಲ್ಲ ಕೈಯಲ್ಲೊಂದು ಚೀಲ ಹಿಡಿದು ಹೊರಡುತ್ತೇನೆ. ಯಾರದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲ. ಚೀಲ ಇದ್ದರೆ ಯಾರೂ ಏನೂ ಕೇಳಲ್ಲ, ತರಕಾರಿಗೆ ಹೊರಟಿದ್ದಾರೆ ಅಂತ ಲೆಕ್ಕ. ಅವತ್ತು ಬೂಂದಿಯಲ್ಲಿ ಇಳಿದಾಗಲೂ ಕೈಯಲ್ಲಿ ಇದ್ದದ್ದು ಅದೇ ಚೀಲ.

ಮೊದಲ ಒಂದೆರಡು ಗಂಟೆ ಹಾಯಾಗಿತ್ತು. ಯಾರೂ ಕೇಳಲಿಲ್ಲ. ನಿಂತೆ, ನಡೆದೆ, ಬಂದ ದಾರಿಯಲ್ಲೇ ತಿರುಗಿ ಹೋದೆ. ಲೇಖನದಲ್ಲಿ ಇಷ್ಟನ್ನೇ ಬರೆದಿದ್ದೆ. ಹನ್ನೊಂದರ ಹೊತ್ತಿಗೆ ಬೇಜಾರು ಶುರುವಾಯಿತು ಅನ್ನೋದನ್ನು ಬರೆಯಲಿಲ್ಲ. ಒಬ್ಬರೇ ತಿರುಗುವುದನ್ನು ಎಲ್ಲರೂ ಹೊಗಳಿ ಬರೆಯುತ್ತಾರೆ, ನಾನೂ ಹೊಗಳಿಬಿಟ್ಟೆ. ನಿಜ ಹೇಳಬೇಕೆಂದರೆ ಅವಲಕ್ಕಿ ಒಗ್ಗರಣೆ ತಿಂದು, ದುಡ್ಡು ಕೊಟ್ಟು, ಕೈ ತೊಳೆದು ಹೊರಗೆ ಬಂದಾಗ ‘ತಿಂಡಿ ಆಯ್ತಾ?’ ಅಂತ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಟೀ ಅಂಗಡಿಯಲ್ಲಿ ಸಕ್ಕರೆ ಜಾಸ್ತಿ ‘ನಕ್ಕೋ’, ಅಂದರೆ ಬೇಡ, ಅಂದೆ. ನಮ್ಮೂರಿನ ಸಂತೆಯಲ್ಲಿ ಕಲಿತ ಹಿಂದಿ ಅದು. ಹಿಂದಿ ಎಲ್ಲಿ ಬಂತು, ದಖ್ಖನಿ. ಬೂಂದಿ ಕಡೆಯ ಮಾತು ಹಾಡೌತಿ. ಅಂಗಡಿಯವನು ಎರಡು ಸಲ ಹೇಳಿಸಿಕೊಂಡು ನಕ್ಕ. ಯಾವ ಊರು ಅಂದ. ಕೋಲಾರ ಅಂದರೆ ಗೊತ್ತಾಗಲಿಲ್ಲ. ಕೆಜಿಎಫ್ ಅಂದೆ. ಪಕ್ಕದಲ್ಲಿ ಕೂತಿದ್ದ ಇಬ್ಬರು ಹುಡುಗರು ಎದ್ದೇ ನಿಂತರು. ಅವರ ಪಾಲಿಗೆ ಅದು ಸಿನಿಮಾ. ಗಣಿ 2001ರಲ್ಲೇ ಮುಚ್ಚಿತು ಅಂತ ಹೇಳಿದೆ. ಇಬ್ಬರ ಮುಖವೂ ಸಪ್ಪಗಾಯಿತು. ಹೇಳಬಾರದಿತ್ತು.

ಅರಮನೆ ನೋಡಿದೆ. ಚಿತ್ರಶಾಲೆಯ ಗೋಡೆ ಚಿತ್ರಗಳು ಚೆನ್ನಾಗಿವೆ, ಅವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಮೇಲಿನ ತಾರಾಗಢ ಕೋಟೆಗೆ ಹತ್ತಲಿಲ್ಲ. ಕೋತಿ ಕಾಟ, ಕೋಲು ಹಿಡಿದು ಹೋಗಿ ಅಂದರು. ಕೆಳಗೆ ನವಲ್ ಸಾಗರ್ ಅಂತ ಕೆರೆ. ಅದರ ನಡುವೆ ಅರ್ಧ ಮುಳುಗಿದ ಒಂದು ಗುಡಿ, ವರುಣನದು. ವರುಣನಿಗೇ ಗುಡಿ ಕಟ್ಟಿದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು. ನಾವು ಮಳೆ ಹೋದರೆ ಕತ್ತೆಗಳಿಗೆ ಮದುವೆ ಮಾಡುತ್ತೇವೆ. ಗುಡಿಯ ಯೋಚನೆ ನಮಗೆ ಯಾಕೆ ಬರಲಿಲ್ಲವೋ!

ಕೆರೆಯಿಂದ ಬಜಾರಿಗೆ ಇಳಿಯುವಾಗ ದಾರಿ ತಪ್ಪಿತು. ಇಳಿಜಾರಿನ ಸಂದಿಗಳು, ಎರಡೂ ಕಡೆ ನೀಲಿ ಬಣ್ಣ ಬಳಿದ ಮನೆಗಳು. ಒಂದು ಮನೆಯ ಮುಂದೆ ಕಲ್ಲಿನ ಜಗುಲಿ. ಅದರ ಮೇಲೆ ಒಬ್ಬರು ಅಜ್ಜಿ ಮೊರದಲ್ಲಿ ಗೋಧಿ ಆರಿಸುತ್ತಿದ್ದರು. ಹೆಬ್ಬೆರಳಿನಿಂದ ಕಲ್ಲನ್ನು ಅಂಚಿಗೆ ತಳ್ಳುವುದು, ಮೊರ ಒಂದು ಸಲ ಕೊಡವುವುದು, ಮತ್ತೆ ಹೆಬ್ಬೆರಳು. ಕಣ್ಣು ಮಾತ್ರ ಬೀದಿಯ ಮೇಲೆ. ನಾನು ಮೂರನೇ ಸಲ ಅದೇ ಮನೆ ಮುಂದೆ ಬಂದಾಗ ಅವರ ಕೈ ನಿಂತಿತು. ಚೀಲ ನೋಡಿದರು, ನನ್ನ ಮುಖ ನೋಡಿದರು. ‘ಕಿಸ್ಕೇ ಯಹಾಂ ಆಯೇ ಹೋ?’ ಅಂದರು. ಯಾರ ಮನೆಗೆ ಬಂದಿರಿ?

ಚೀಲ ನೋಡಿ ಯಾರದೋ ನೆಂಟ ಅಂದುಕೊಂಡಿರಬೇಕು. ಯಾರ ಮನೆಗೂ ಇಲ್ಲ ಅಂದೆ. ನನ್ನ ಹರಕು ಹಿಂದಿಯಲ್ಲಿ ಅದು ನನಗೆ ಯಾರೂ ಇಲ್ಲ ಅನ್ನೋ ಥರ ಕೇಳಿಸಿತೋ ಏನೋ. ಅಜ್ಜಿ ‘ಅಯ್ಯೋ’ ಅನ್ನುವ ಹಾಗೆ ತಲೆ ಆಡಿಸಿ, ಒಳಗೆ ಕೂಗಿ ನೀರು ತರಿಸಿದರು. ಒಂದು ಹುಡುಗಿ ಚೊಂಬು ತಂದು ಜಗುಲಿ ತುದಿಯಲ್ಲಿಟ್ಟು ಓಡಿಹೋದಳು. ಎತ್ತಿ ಕುಡಿದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದು ಅಂಗಳ, ಹಗ್ಗದ ಮಂಚ, ಅದರ ಮೇಲೆ ಬಿಸಿಲಿಗೆ ಹಾಕಿದ ರಜಾಯಿ. ನನಗೆ ಕಂಡದ್ದು ಅಷ್ಟೇ. ಗಂಡಸರು ಇಲ್ಲದ ಹೊತ್ತು, ಗುರುತಿಲ್ಲದ ಗಂಡಸನ್ನು ಒಳಗೆ ಯಾಕೆ ಕರೆಯುತ್ತಾರೆ? ನಮ್ಮ ಮನೆಯಲ್ಲೂ ಕರೆಯಲ್ಲ.

ಇಲ್ಲಿಗೆ ನಿಮ್ಮ ಅಂಚಿನ ಪ್ರಶ್ನೆ ಬಂತು.

ಅವತ್ತು ಆರೇಳು ಗಂಟೆ ನಡೆದಿದ್ದೇನೆ. ತರಕಾರಿ ಮಾರುವ ಹೆಂಗಸರನ್ನು ಕಂಡೆ, ಗುಂಪಿನಲ್ಲಿ ಸ್ಕೂಲಿಗೆ ಹೋಗುವ ಹುಡುಗಿಯರನ್ನು ಕಂಡೆ. ಏನೂ ಕೆಲಸವಿಲ್ಲದೆ ಒಬ್ಬರೇ ತಿರುಗುವ ಹೆಂಗಸು ಒಬ್ಬರೂ ಕಾಣಲಿಲ್ಲ. ನಮ್ಮ ಮುಳಬಾಗಿಲಿನಲ್ಲೋ ಮಾಲೂರಿನಲ್ಲೋ ಕಾಣುತ್ತಾರಾ? ನಾನು ಬಾವಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಯಾರೂ ತಿರುಗಿ ನೋಡಲಿಲ್ಲ. ನೀವು ಕೂತರೆ ನೋಡುತ್ತಾರೆ, ಕೇಳುತ್ತಾರೆ. ನನ್ನ ಥರ ನೀವೂ ನಡೆಯಬಹುದು ಅಂತ ಧೈರ್ಯ ಹೇಳಿದರೆ ಸುಳ್ಳಾಗುತ್ತದೆ.

ಆದರೆ ನಿಮ್ಮ ಥರ ನಡೆಯಲು ನನಗೆ ಆಗಲ್ಲ, ಅದನ್ನೂ ಯೋಚಿಸಿ. ಆ ಅಜ್ಜಿ ನಿಮ್ಮನ್ನು ಜಗುಲಿಯಲ್ಲಿ ನಿಲ್ಲಿಸಿ ಕಳಿಸುತ್ತಿರಲಿಲ್ಲ. ಕೂರಿ ಅನ್ನುತ್ತಿದ್ದರು. ಕೂತ ಮೇಲೆ ಮೊರದ ಇನ್ನೊಂದು ಅಂಚಿಗೆ ನಿಮ್ಮ ಕೈ ತಾನಾಗಿ ಹೋಗುತ್ತಿತ್ತು. ಸಂಜೆಯೊಳಗೆ ಆ ಮನೆಗೆ ಎಷ್ಟು ಸೊಸೆಯರು, ಯಾರ ಕೈ ಅಡುಗೆ ಚೆನ್ನಾಗಿದೆ, ಎಲ್ಲ ನಿಮಗೆ ಗೊತ್ತಿರುತ್ತಿತ್ತು. ನಾನು ಬರೀ ಬೀದಿಯ ಬಗ್ಗೆ ಬರೆದಿದ್ದೀನಿ ಅಂತ ಬೈದಿರಿ. ನನಗೆ ದಕ್ಕಿದ್ದು ಬೀದಿ, ಏನು ಮಾಡೋದು.

ಹೋಗೋದಾದರೆ ಚಳಿಗಾಲದಲ್ಲಿ ಹೋಗಿ. ಕೆರೆಯ ಹತ್ತಿರ ಮನೆಯವರೇ ನಡೆಸುವ ತಂಗುವ ಜಾಗಗಳಿವೆ, ಅಂಥ ಕಡೆ ಉಳಿಯಿರಿ. ಸಂದಿಗಳ ಕಲ್ಲು ನುಣುಪಾಗಿದೆ, ಹಳೇ ಚಪ್ಪಲಿ ಬೇಡ. ಕತ್ತಲಾಗುವ ಮುಂಚೆ ರೂಮು ಸೇರಿ. ಊರಾಚೆ ಕೋಟಾ ರಸ್ತೆಯಲ್ಲಿ 84 ಕಂಬದ ಛತ್ರಿ, ಅಂದರೆ ಸ್ಮಾರಕ ಮಂಟಪ, ಇದೆ. ಅನಿರುದ್ಧ ಸಿಂಗ್ 1683ರಲ್ಲಿ ತನ್ನ ಸಾಕುತಾಯಿಯ ಮಗನ ನೆನಪಿಗೆ ಕಟ್ಟಿಸಿದ್ದು. ನಾನು ಬಸ್ಸಿನ ಕಿಟಕಿಯಿಂದ ನೋಡಿದೆ, ನೀವು ಇಳಿದು ನೋಡಿ. ಮಕ್ಕಳು ಒಪ್ಪುತ್ತಾರಾ ಅನ್ನೋದು ನಿಮ್ಮ ಮನೆ ವಿಷಯ. ಈ ಪತ್ರ ತೋರಿಸಿ ನನ್ನನ್ನು ಸಿಕ್ಕಿಸಬೇಡಿ.

ಒಂದು ಕೆಲಸವೂ ಇದೆ. ಅವತ್ತು ನೀರು ಕುಡಿದು ಸುಮ್ನೆ ಬರಲು ಮನಸ್ಸಾಗಲಿಲ್ಲ. ಚೀಲದಲ್ಲಿದ್ದ ರಾಗಿ ಹಿಟ್ಟನ್ನು ಜಗುಲಿ ಮೇಲಿಟ್ಟೆ. ಅಜ್ಜಿ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿ, ಏನು ಮಾಡೋದು ಇದರಲ್ಲಿ ಅಂತ ಕೇಳಿದರು. ಮುದ್ದೆ ಅಂದೆ. ಎಸರು, ಕೋಲು, ತಿರುವೋದು, ಯಾವುದಕ್ಕೂ ನನ್ನ ಹತ್ತಿರ ಹಿಂದಿ ಇರಲಿಲ್ಲ. ಕೊನೆಗೆ ‘ರೋಟಿ’ ಅಂದುಬಿಟ್ಟೆ. ಅದು ಇನ್ನೂ ಮನಸ್ಸಿಗೆ ಕೊರೀತಿದೆ. ನೀವು ಹೋದರೆ ಅವರಿಗೆ ಮುದ್ದೆ ಕಟ್ಟೋದು ತೋರಿಸಿ ಬನ್ನಿ. ಮನೆ ಗುರುತು ನೀಲಿ ಗೋಡೆ ಅಂದರೆ ಪ್ರಯೋಜನವಿಲ್ಲ, ಆ ಕಡೆ ಎಲ್ಲವೂ ನೀಲಿ. ಕೆರೆ ಕಡೆಯಿಂದ ಬಜಾರಿಗೆ ಇಳಿಯುತ್ತಾ ಮೂರು ಸಲ ದಾರಿ ತಪ್ಪಿ, ಸಿಗುತ್ತದೆ.

– ಸಂಪಾದಕ